ಎರಡು ಅಟ್ಟೆ, ಮೂರು ಚೆಂಡು

"ಐದು ಲೆಕ್ಕ, ಐದೂ ತಪ್ಪು. ಅದು ದೊಡ್ಡ ವಿಷಯ ಅಲ್ಲ," ಎಂದರು ಕರುಣಾಕರ ಸರ್. ಅವರ ಎರಡು ಕೈಗಳಲ್ಲಿ ಎರಡು ಉತ್ತರ ಪತ್ರಿಕೆಗಳಿದ್ದವು. "ಆದರೆ ಇಬ್ಬರಿಗೂ ಐದಕ್ಕೆ ಐದೂ ಒಂದೇ ತಪ್ಪು ಉತ್ತರ ಬರುವುದು ಹೇಗೆ? ಅದನ್ನು ಮಾತ್ರ ನನಗೆ ಯಾರಾದರೂ ಹೇಳಬೇಕು."

ಎಂಟನೇ ತರಗತಿಯ ಮಕ್ಕಳೆಲ್ಲ ಕತ್ತು ಚಾಚಿ ನೋಡಿದರು. ಒಂದು ಪತ್ರಿಕೆ ಮೋಕ್ಷಾಳದ್ದು, ಇನ್ನೊಂದು ಅವಳ ಪಕ್ಕದ ಸಾಲಿನಲ್ಲಿ ಕೂರುವ ಜೋವಿನ್‌ನದ್ದು.

"ಯಾರು ಯಾರದ್ದನ್ನು ನೋಡಿ ಬರೆದದ್ದು?"

ಸರ್ ಕೇಳಿದ್ದು ಇಬ್ಬರನ್ನೂ. ಆದರೆ ಇಡೀ ಕ್ಲಾಸ್ ತಿರುಗಿ ನೋಡಿದ್ದು ಜೋವಿನ್‌ನನ್ನು ಮಾತ್ರ. ನೋಡದೆ ಇರುತ್ತಾರೆಯೇ? ಗಣಿತದಲ್ಲಿ ಅವನು ಪಾಸಾದರೆ ಅವನಿಗೇ ಆಶ್ಚರ್ಯ. ಮೋಕ್ಷಾಳಿಗೋ ಇಪ್ಪತ್ತೈದರಲ್ಲಿ ಇಪ್ಪತ್ತಮೂರು ಬಂದರೆ ಅವತ್ತು ಊಟ ಸೇರುವುದಿಲ್ಲ.

"ನಾನು ನೋಡಿಲ್ಲ ಸರ್," ಎಂದ ಜೋವಿನ್. "ದೇವರಾಣೆ ನೋಡಿಲ್ಲ." ಹಾಗೆ ಹೇಳಿ ಅವನು ಮೋಕ್ಷಾಳ ಕಡೆ ನೋಡಿದ. ನೀನಾದರೂ ಹೇಳು ಮಾರಾಯ್ತಿ ಎಂಬಂತಿತ್ತು ಆ ನೋಟ.

ಮೋಕ್ಷಾಳಿಗೆ ಹೇಳುವುದಕ್ಕೆ ಬೇಕಾದಷ್ಟಿತ್ತು. ಆದರೆ ಬಾಯಿ ತೆರೆಯಲಿಲ್ಲ.

ನಡೆದದ್ದು ಇಷ್ಟು. ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡ ಕರುಣಾಕರ ಸರ್ ಒಂದು ತಿಂಗಳು ಶಾಲೆಗೆ ಬಂದಿರಲಿಲ್ಲ. ಮಲಗಿದಲ್ಲಿಂದಲೇ ಅವರು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಬೀಜಗಣಿತದ ವಿಡಿಯೋಗಳ ಲಿಂಕ್ ಕಳಿಸುತ್ತಿದ್ದರು. ಒಟ್ಟು ಇಪ್ಪತ್ತೆರಡು ವಿಡಿಯೋ. ಒಂದು ಮುಗಿದರೆ ಪಕ್ಕದಲ್ಲಿ ಒಂದು ಹಸಿರು ಟಿಕ್ ಬೀಳುತ್ತಿತ್ತು. ಮೋಕ್ಷಾ ಎಲ್ಲರಿಗಿಂತ ಮೊದಲು ಇಪ್ಪತ್ತೆರಡನ್ನೂ ಮುಗಿಸಿ, ಆ ಸುದ್ದಿಯನ್ನು ಇಡೀ ಶಾಲೆಗೆ ಹಂಚಿದ್ದಳು.

ಜೋವಿನ್‌ಗೆ ವಿಡಿಯೋ ನೋಡುವುದಕ್ಕೆ ಫೋನೇ ಸಿಗುತ್ತಿರಲಿಲ್ಲ. ಮನೆಯ ಒಂದೇ ಫೋನು ಅವನ ಅಮ್ಮ ಸಿಂಥಿಯಾ ಆಂಟಿಯ ಜೊತೆ ಬೆಳಿಗ್ಗೆ ಏಳರ ಬಸ್ಸಿಗೆ ಮಣಿಪಾಲಕ್ಕೆ ಕೆಲಸಕ್ಕೆ ಹೋಗುತ್ತಿತ್ತು.

"ಫೋನ್ ಯಾಕೆ? ನಾನು ಇಲ್ವಾ?" ಎಂದಿದ್ದಳು ಮೋಕ್ಷಾ. "ಮಧ್ಯಾಹ್ನ ಊಟ ಆದ ಮೇಲೆ ಬಾ. ಎರಡೇ ದಿನದಲ್ಲಿ ಕಲಿಸ್ತೇನೆ."

ಕಲಿಸಿದಳು. ಅವನು ಕಲಿತ. ಅವಳು ಹೇಗೆ ಹೇಳಿದಳೋ ಹಾಗೆಯೇ, ಒಂದಕ್ಷರ ಬಿಡದೆ ಕಲಿತ.

ಈಗ ಎದ್ದು ನಿಂತು ಇದನ್ನೆಲ್ಲ ಹೇಳಿದರೆ? ಗಣಿತದ ರಾಣಿಗೆ ಗಣಿತವೇ ಬರುವುದಿಲ್ಲ ಎಂದು ತಾನೇ ಡಂಗುರ ಸಾರಿದ ಹಾಗೆ. ಮೋಕ್ಷಾ ಡೆಸ್ಕಿನ ಮೇಲಿದ್ದ ಶಾಯಿಯ ಕಲೆಯನ್ನು ಉಗುರಿನಿಂದ ಕೆರೆಯುತ್ತ ಕೂತಳು.

"ಜೋವಿನ್, ನಾಳೆ ಬೆಳಿಗ್ಗೆ ನಿನ್ನ ಅಮ್ಮನನ್ನು ಕರೆದುಕೊಂಡು ಬಾ," ಎಂದರು ಸರ್.

"ಮಮ್ಮಿಗೆ ರಜೆ ಸಿಗುವುದಿಲ್ಲ ಸರ್."

"ಕೇಳಿದರೆ ಸಿಗ್ತದೆ. ಕಾಪಿ ಹೊಡೆಯುವುದು ಸಣ್ಣ ವಿಷಯ ಅಲ್ಲ."

ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ಜೋವಿನ್‌ನ ಕಿವಿ ಕೆಂಪಗಾಯಿತು.

ಸಂಜೆ ಕಾಪುವಿನ ಬಸ್‌ಸ್ಟ್ಯಾಂಡಿನಲ್ಲಿ ಅವನು ಅವಳ ಎದುರಿಗೇ ಬಂದು ನಿಂತ.

"ನಾನು ಕಾಪಿ ಹೊಡೆದೆನಾ?"

"ಇಲ್ಲ."

"ಮತ್ತೆ ಯಾಕೆ ನೀನು ಹೇಳಲಿಲ್ಲ?"

"ನಮ್ಮ ಉತ್ತರ ಸರಿಯೇ ಇರಬಹುದು ಜೋವಿನ್. ಸರ್ ಹೇಳಿದ್ದೇ ತಪ್ಪಿರಬಹುದು. ನಾನು ವಿಡಿಯೋ ನೋಡಿದ್ದೇನೆ ಅಲ್ವಾ? ಮನೆಗೆ ಹೋಗಿ ಚೆಕ್ ಮಾಡ್ತೇನೆ."

"ನೀನು ಚೆಕ್ ಮಾಡು. ನನಗೆ ಮಮ್ಮಿಗೆ ಹೇಳಲಿಕ್ಕೆ ಉಂಟು," ಎಂದು ಅವನು ಬಸ್ಸು ಹತ್ತಿ ಡ್ರೈವರಿನ ಪಕ್ಕದ ಸೀಟಿನಲ್ಲಿ ಒಬ್ಬನೇ ಕೂತ. ಒಂದನೇ ಕ್ಲಾಸಿನಿಂದ ಅವರಿಬ್ಬರೂ ಒಂದೇ ಸೀಟಿನಲ್ಲಿ ಬರುತ್ತಿದ್ದವರು. ಮೋಕ್ಷಾ ಹಿಂದಿನ ಸೀಟಿಗೆ ಹೋಗಿ ಒಬ್ಬಳೇ ಕೂತಳು.

ಶಂಕರಪುರದ ಮನೆಗೆ ಬಂದವಳೇ ಅವಳು ಚೀಲ ಎಸೆದು ಟ್ಯಾಬ್ ತೆಗೆದುಕೊಂಡು ಜಗಲಿಯಲ್ಲಿ ಕೂತಳು.

ಅವಳು ಸಂಜೆ ಹೊತ್ತು ವಿಡಿಯೋ ನೋಡುತ್ತಿದ್ದುದು ಅದೇ ಮೊದಲು. ಯಾವಾಗಲೂ ಅದು ಬೆಳಗಿನ ಕೆಲಸ. ಅಜ್ಜಿ ನಸುಕಿನಲ್ಲೇ ಅಂಗಳದ ಗಿಡಗಳಿಂದ ಮಲ್ಲಿಗೆ ಮೊಗ್ಗು ಕೊಯ್ದು ತರುತ್ತಾರೆ. ಅದನ್ನೆಲ್ಲ ಬಾಳೆನಾರಿನಲ್ಲಿ ಕಟ್ಟಿ, ಪೇಟೆಗೆ ಹೂವು ಒಯ್ಯುವ ಸರ್ವೋತ್ತಮ ಮಾಮ ಬೈಕಿನಲ್ಲಿ ಬರುವುದರೊಳಗೆ ಮುಗಿಸಬೇಕು. ಶಾಲೆಗೆ ಹೊರಡುವ ತನಕ ಮೋಕ್ಷಾಳೂ ಕಟ್ಟುತ್ತಾಳೆ. ಹೂವಿನ ಬುಟ್ಟಿಗೆ ಟ್ಯಾಬ್ ಒರಗಿಸಿ ವಿಡಿಯೋ ಹಾಕಿಬಿಟ್ಟರೆ ಕೈಗೆ ಹೂವು, ಕಿವಿಗೆ ಗಣಿತ. ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು ಅವಳಿಗೆ ತನ್ನ ಬುದ್ಧಿಯ ಮೇಲೆ ಬಹಳ ಹೆಮ್ಮೆ.

ಆದರೆ ಕಣ್ಣು? ಮೊಗ್ಗು ಕಟ್ಟುವಾಗ ಕಣ್ಣು ಮೊಗ್ಗಿನ ಮೇಲೆಯೇ ಇರಬೇಕು. ಇಲ್ಲದಿದ್ದರೆ ಸಾಲು ಸೊಟ್ಟ.

ಈಗ ಕೈಯಲ್ಲಿ ಹೂವಿರಲಿಲ್ಲ. ಮೋಕ್ಷಾ ಹದಿನೈದನೇ ವಿಡಿಯೋ ಹಾಕಿ ಕಣ್ಣಿಟ್ಟು ನೋಡಿದಳು. ವಿಡಿಯೋದ ಸರ್ ಬೋರ್ಡಿನ ಮೇಲೆ 2x + 6 = 24 ಎಂದು ಬರೆದರು. ಪರೀಕ್ಷೆಯ ಮೊದಲ ಲೆಕ್ಕವೂ ಅದೇ.

"ಇದನ್ನು ಹೀಗೆ ತೆಗೆದರೆ, ಇಲ್ಲಿ ಇದು ಉಳಿಯುತ್ತದೆ," ಎಂದರು ಅವರು.

ಈ ಮಾತನ್ನು ಅವಳು ಎಷ್ಟು ಸಲ ಕೇಳಿದ್ದಳೋ! ಆದರೆ ಯಾವುದನ್ನು, ಹೇಗೆ, ಎಲ್ಲಿ ಎಂದು ನೋಡಿಯೇ ಇರಲಿಲ್ಲ. ಈಗ ನೋಡಿದಳು. ಅವರು ಎರಡೂ ಕಡೆಯಿಂದ ಆರು ಕಳೆದರು. 2x = 18 ಉಳಿಯಿತು. x ಒಂಬತ್ತಾಯಿತು. ಆಮೇಲೆ ಆ ಒಂಬತ್ತನ್ನು ಮೊದಲಿನ ಲೆಕ್ಕಕ್ಕೇ ಹಾಕಿ ತಾಳೆ ನೋಡಿದರು. ಎರಡೊಂಬತ್ತು ಹದಿನೆಂಟು, ಆರು ಸೇರಿದರೆ ಇಪ್ಪತ್ತನಾಲ್ಕು.

ಮೋಕ್ಷಾ ಮಾಡಿದ್ದೇನು? ಎರಡಕ್ಕೂ ಆರಕ್ಕೂ ಗಂಟು ಹಾಕಿ 8x ಮಾಡಿದ್ದಳು. 8x = 24, ಆದ್ದರಿಂದ x ಮೂರು. ಅವಳು ಆ ಮೂರನ್ನು ಹಾಕಿ ನೋಡಿದಳು. ಎರಡು ಮೂರಲಿ ಆರು, ಆರು ಸೇರಿದರೆ ಹನ್ನೆರಡು. ಏನು ಮಾಡಿದರೂ ಹನ್ನೆರಡು ಇಪ್ಪತ್ತನಾಲ್ಕಾಗಲಿಲ್ಲ.

ಉಳಿದ ನಾಲ್ಕು ಲೆಕ್ಕಗಳೂ ಹಾಗೆಯೇ. ಸರ್ ಹೇಳಿದ್ದು ತಪ್ಪಿರಲಿಲ್ಲ.

ಆದರೂ ಮೋಕ್ಷಾ ಮೋಕ್ಷಾಳೇ. ತಪ್ಪೆಂದು ಒಪ್ಪಬಹುದು, ಯಾಕೆ ತಪ್ಪೆಂದು ತಿಳಿಯದೆ ಬಿಡುವುದು ಹೇಗೆ? 2x ಮತ್ತು 6 ಕೂಡಿದರೆ 8x ಯಾಕಾಗಬಾರದು?

ಒಳಗೆ ಅಜ್ಜಿ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದರು. ದೂರದವರಿಗೆ ಜೋರಾಗಿ ಹೇಳಿದರೆ ಮಾತ್ರ ಕೇಳಿಸುತ್ತದೆ ಎಂಬುದು ಅಜ್ಜಿಯ ನಂಬಿಕೆ.

"ಸರ್ವೋತ್ತಮಾ, ನಾಳೆಗೆ ಎರಡು ಅಟ್ಟೆ, ಮೂರು ಚೆಂಡು ಆದೀತು! ಎರಡು ಅಟ್ಟೆ! ಮೂರು ಚೆಂಡು!"

ಕಟ್ಟಿದ ಮಲ್ಲಿಗೆಯನ್ನು ಸುತ್ತಿದರೆ ಅದು ಚೆಂಡು. ನಾಲ್ಕು ಚೆಂಡು ಸೇರಿದರೆ ಅಟ್ಟೆ. ಶಂಕರಪುರದ ಮಕ್ಕಳು ಅ ಆ ಇ ಈ ಕಲಿಯುವ ಮೊದಲೇ ಇದನ್ನು ಕಲಿಯುತ್ತಾರೆ.

ಮೋಕ್ಷಾ ತಟ್ಟನೆ ನೆಟ್ಟಗೆ ಕೂತಳು. ಎರಡು ಅಟ್ಟೆ, ಮೂರು ಚೆಂಡು. ಅಜ್ಜಿ ಇದನ್ನು ಐದು ಅಟ್ಟೆ ಎನ್ನುವುದಿಲ್ಲವಲ್ಲ! ಹೇಳಿದರೆ ಸರ್ವೋತ್ತಮ ಮಾಮ ಬಿದ್ದು ಬಿದ್ದು ನಗುತ್ತಾರೆ.

ಅವಳು ನೋಟ್‌ಬುಕ್ಕಿನಲ್ಲಿ ಬರೆದಳು. ಒಂದು ಅಟ್ಟೆಗೆ x ಚೆಂಡು. ಎರಡು ಅಟ್ಟೆ ಮೂರು ಚೆಂಡು ಎಂದರೆ 2x + 3. ಒಟ್ಟು ಹನ್ನೊಂದು ಚೆಂಡು. ಮೂರು ಕಳೆದರೆ ಎಂಟು. ಎರಡು ಅಟ್ಟೆಗೆ ಎಂಟಾದರೆ ಒಂದಕ್ಕೆ ನಾಲ್ಕು. x ನಾಲ್ಕು! ಸರಿಯಾದ ಉತ್ತರ ಇಷ್ಟು ದಿನ ಅವಳ ಮನೆಯ ಬುಟ್ಟಿಯಲ್ಲೇ ಇತ್ತು.

ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಮರುಕ್ಷಣ ಜೋವಿನ್ ನೆನಪಾಗಿ ಅಳುವೇ ಬಂತು.

ಅಜ್ಜಿ ಹೊರಗೆ ಬಂದು, "ಎಂತ ಆಯ್ತು?" ಎಂದರು. ಮೋಕ್ಷಾ ಮೂಗೊರೆಸಿಕೊಳ್ಳುತ್ತ ಎಲ್ಲವನ್ನೂ ಹೇಳಿದಳು.

"ತಾನೂ ಕೆಟ್ಟು ವನವನ್ನೂ ಕೆಡಿಸಿತಂತೆ ಕೋತಿ," ಎಂದರು ಅಜ್ಜಿ. ಆಮೇಲೆ ಪಕ್ಕದಲ್ಲಿ ಕೂತು ಅವಳ ಜಡೆ ಸರಿಮಾಡಿದರು. "ನಾಳೆ ಹೂವು ನಾನೇ ಕಟ್ಟುತ್ತೇನೆ. ನೀನು ಬೇಗ ಶಾಲೆಗೆ ಹೋಗು. ಆ ಮಗುವಿನ ಅಮ್ಮ ಬರುವಾಗ ನೀನು ಅಲ್ಲಿ ಇರಬೇಕು."

ಮರುದಿನ ಮೋಕ್ಷಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದಾಗ ಸಿಂಥಿಯಾ ಆಂಟಿ ಆಗಲೇ ಒಳಗಿದ್ದರು. ಸರ್ ಕೂರಲು ಹೇಳಿದರೂ ಅವರು ನಿಂತೇ ಇದ್ದರು. ಪಕ್ಕದಲ್ಲಿ ಜೋವಿನ್ ತಲೆ ತಗ್ಗಿಸಿದ್ದ.

"ಸರ್, ಜೋವಿನ್ ಕಾಪಿ ಹೊಡೆದಿಲ್ಲ," ಎಂದಳು ಮೋಕ್ಷಾ ಒಂದೇ ಉಸಿರಿಗೆ. "ನಾನು ಅವನಿಗೆ ತಪ್ಪು ಹೇಳಿಕೊಟ್ಟದ್ದು. ಅದಕ್ಕೇ ಇಬ್ಬರದ್ದೂ ಒಂದೇ ತಪ್ಪು."

ಸರ್ ಕನ್ನಡಕ ತೆಗೆದರು. "ಫ್ರೆಂಡ್ ಅಂತ ಉಳಿಸಲಿಕ್ಕೆ ನೋಡ್ತಿದ್ದೀಯಾ?"

"ಅಲ್ಲ ಸರ್. ಬೇಕಾದರೆ ಅವನಿಗೆ ಒಂದು ಹೊಸ ಲೆಕ್ಕ ಕೊಡಿ. ಅವನಿಗೆ ಎಂತ ಉತ್ತರ ಬರ್ತದೆ ಅಂತ ನಾನು ಮೊದಲೇ ಚೀಟಿಯಲ್ಲಿ ಬರೆದು ಕೊಡ್ತೇನೆ."

ಸರ್‌ಗೆ ಇದು ತಮಾಷೆಯೆನಿಸಿರಬೇಕು. ಅವರು ಒಂದು ಹಾಳೆಯ ಮೇಲೆ 4x + 6 = 30 ಎಂದು ಬರೆದು ಇಬ್ಬರಿಗೂ ತೋರಿಸಿದರು. ಮೋಕ್ಷಾ ಮೂಲೆಗೆ ಹೋಗಿ ಚೀಟಿ ಬರೆದು, ಮಡಚಿ, ಸರ್ ಕೈಗೆ ಕೊಟ್ಟಳು.

ಜೋವಿನ್ ಪೆನ್ನು ಹಿಡಿದ. ನಾಲ್ಕು, ಆರು, 10x. 10x = 30. ಕೊನೆಗೆ x = 3 ಎಂದು ಬರೆದು, ಅದರ ಕೆಳಗೆ ಚಂದವಾಗಿ ಎರಡು ಗೆರೆ ಎಳೆದ.

ಸರ್ ಚೀಟಿ ಬಿಡಿಸಿ ಗಟ್ಟಿಯಾಗಿ ಓದಿದರು. "ಜೋವಿನ್‌ಗೆ ಬರುವ ಉತ್ತರ 3. ಸರಿ ಉತ್ತರ 6."

ಅವರು ಚೀಟಿಯನ್ನು ಜೋವಿನ್ ಬರೆದ ಹಾಳೆಯ ಪಕ್ಕ ಇಟ್ಟರು.

"ಅಂದರೆ ನನ್ನ ಮಗ ಕಳ್ಳ ಅಲ್ಲ ಅಲ್ವಾ ಸರ್?" ಎಂದು ಕೇಳಿದರು ಸಿಂಥಿಯಾ ಆಂಟಿ.

"ಅಲ್ಲಮ್ಮ. ಹೇಳಿಕೊಟ್ಟದ್ದನ್ನು ಇಷ್ಟು ಸರಿಯಾಗಿ ಕಲಿಯುವ ಹುಡುಗನನ್ನು ನಾನು ಸರಿಯಾಗಿ ವಿಚಾರಿಸದೆ ಬೈದೆ. ತಪ್ಪಾಯಿತು. ಇದನ್ನು ಕ್ಲಾಸಿನಲ್ಲೂ ಹೇಳುತ್ತೇನೆ."

"ಕ್ಲಾಸಿನಲ್ಲಿ ನಾನು ಹೇಳ್ತೇನೆ ಸರ್," ಎಂದಳು ಮೋಕ್ಷಾ.

ಹೇಳಿದಳು ಕೂಡ. ಮೊದಲನೇ ಪೀರಿಯಡಿನಲ್ಲಿ ಬೋರ್ಡಿನ ಮುಂದೆ ನಿಂತು, ಹಿಂದಿನ ಬೆಂಚಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು. "ಜೋವಿನ್ ಕಾಪಿ ಹೊಡೆದಿಲ್ಲ. ತಪ್ಪು ನನ್ನದು. ನಾನು ವಿಡಿಯೋ ನೋಡಿಯೇ ಇರಲಿಲ್ಲ, ಬರೀ ಕೇಳಿದ್ದು. ನಿನ್ನೆಯೇ ಇದನ್ನು ಹೇಳಬೇಕಿತ್ತು, ಹೇಳಲಿಲ್ಲ." ಹಿಂದಿನ ಬೆಂಚು ಕಿಸಕ್ಕೆಂದಿತು. ಅನ್ನಲಿ ಎಂದುಕೊಂಡು ಅವಳು ತನ್ನ ಜಾಗಕ್ಕೆ ಹೋಗಿ ಕೂತಳು.

ಮಧ್ಯಾಹ್ನ ಊಟವಾದ ಮೇಲೆ ಜೋವಿನ್ ನೋಟ್‌ಬುಕ್ ಹಿಡಿದು ಬಂದ. ಅವಳಿಂದ ಒಂದು ಮಾರು ದೂರದಲ್ಲಿ ಕೂತ.

"ಈಗಾದರೂ ಸರಿಯಾಗಿ ಹೇಳು."

"ಒಂದು ಅಟ್ಟೆಗೆ ಎಷ್ಟು ಚೆಂಡು ಅಂತ ಗೊತ್ತಿಲ್ಲ ಅಂತ ಇಟ್ಟುಕೋ."

"ನಾಲ್ಕು."

"ಗೊತ್ತಿಲ್ಲ ಅಂತ ಇಟ್ಟುಕೋ ಮಾರಾಯ!"

"ಇದು ಯಾರಿಗೆ ಗೊತ್ತಿಲ್ಲ? ಬೆಕ್ಕಿಗೂ ಗೊತ್ತುಂಟು."

ಮೋಕ್ಷಾಳಿಗೆ ನಗು ತಡೆಯಲಾಗಲಿಲ್ಲ. ಜೋವಿನ್ ನಗಲಿಲ್ಲ, ಆದರೆ ಸ್ವಲ್ಪ ಹತ್ತಿರ ಸರಿದ. ಅವಳು ಎರಡು ಅಟ್ಟೆ ಮೂರು ಚೆಂಡಿನ ಲೆಕ್ಕ ಬರೆದು, ಉತ್ತರವನ್ನು ಮೊದಲಿನ ಸಾಲಿಗೆ ಹಾಕಿ ತಾಳೆ ನೋಡುವುದನ್ನೂ ತೋರಿಸಿದಳು.

"ಓ! ಬಿಡಿ ಚೆಂಡು ಮೊದಲು ಬದಿಗೆ ಇಡುವುದು," ಎಂದ ಅವನು. "ಆಮೇಲೆ ಅಟ್ಟೆಗೆ ಪಾಲು ಮಾಡುವುದು. ಇಷ್ಟೇಯಾ?"

"ಇಷ್ಟೇ."

"ಇಷ್ಟಕ್ಕೆ ನನ್ನ ಮಮ್ಮಿ ರಜೆ ಹಾಕಬೇಕಾಯ್ತಾ?"

"ಸಾರಿ ಜೋವಿನ್," ಎಂದಳು ಮೋಕ್ಷಾ. ಇನ್ನೇನು ಹೇಳಬೇಕೆಂದು ತಿಳಿಯದೆ 3x + 5 = 32 ಎಂದು ಬರೆದು ನೋಟ್‌ಬುಕ್ ಅವನ ಮುಂದಿಟ್ಟಳು.

ಜೋವಿನ್ ಐದು ಕಳೆದ. ಇಪ್ಪತ್ತೇಳು. ಮೂರರಿಂದ ಭಾಗಿಸಿದ. x = 9.

ಸರಿ ಎಂಬ ಮಾತು ಮೋಕ್ಷಾಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನು ಕೈ ಅಡ್ಡ ಹಿಡಿದ.

"ನೀನು ಹೇಳಬೇಡ. ನಾನೇ ನೋಡ್ತೇನೆ."

ಅವನ ಪೆನ್ಸಿಲ್ ಒಂಬತ್ತನ್ನು ಎತ್ತಿಕೊಂಡು ಮೊದಲಿನ ಸಾಲಿಗೆ ಹೋಯಿತು. ಮೂರೊಂಬತ್ತು ಇಪ್ಪತ್ತೇಳು. ಐದು ಸೇರಿಸಿ ಅವನು ತುಟಿಯಲ್ಲೇ ಎಣಿಸಿದ. ಮೋಕ್ಷಾ ಕಾದಳು.

"ಮೂವತ್ತೆರಡು," ಎಂದ ಜೋವಿನ್, ತನಗೆ ತಾನೇ. ಕೆಳಗೆ ಎರಡು ಗೆರೆ ಎಳೆದು, "ಇನ್ನೊಂದು ಕೊಡು," ಎಂದ.

ಅವನು ತಲೆಯೆತ್ತಿ ಅವಳ ಮುಖ ನೋಡಲೇ ಇಲ್ಲ. ನೋಡುವ ಅಗತ್ಯ ಅವನಿಗೆ ಇರಲಿಲ್ಲ. ಅದು ಯಾಕೋ ಮೋಕ್ಷಾಳಿಗೆ ಬಹಳ ಇಷ್ಟವಾಯಿತು. ಅವಳು ಮೊದಲಿಗಿಂತ ಸ್ವಲ್ಪ ಕಷ್ಟದ ಲೆಕ್ಕವನ್ನೇ ಬರೆಯತೊಡಗಿದಳು.