ಕನ್ನಡಿಕೋಟೆಯ ಸುರುಳಿದೀಪ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಕನ್ನಡಿಕೋಟೆ ಎಂಬ ರಾಜ್ಯದಲ್ಲಿ, ಬನ್ನಿ ಹಬ್ಬದ ಮಾರನೇ ದಿನ, ಬುಧವಾರ, ಗಾಳೆಪ್ಪ ಎಂಬ ಹುಡುಗ ಮೊದಲ ಸಲ ಮನೆ ಬಿಟ್ಟು ಹೊರಟ. ಆಗ ಅವನಿಗೆ ಹನ್ನೆರಡು ವರ್ಷ. ಐಗಳ ಶಾಲೆಯಲ್ಲಿ ಮರಳ ಮೇಲೆ ಅಕ್ಷರ ತಿದ್ದುತ್ತಿದ್ದವನು ಅರ್ಧ ಅಕ್ಷರ ಹಾಗೇ ಬಿಟ್ಟು ಎದ್ದ. ಮನೆಗೆ ಬಂದ, ಇನ್ನೊಂದು ಅಂಗಿ ಹೆಗಲಿಗೆ ಹಾಕಿಕೊಂಡ, ನಡೆದ.

ಅಪ್ಪ ಅವ್ವ ಇಲ್ಲದ ಅವನನ್ನು ಸಾಕಿದವಳು ಅಕ್ಕ ನೀಲವ್ವ. ಅವಳಿಗೆ ಇಪ್ಪತ್ತು. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿ ಬಂದಳು, ಕೈ ಎತ್ತಿದಳು, ಏನೋ ಕೂಗಿದಳು. ಗಾಳಿ ಜೋರಾಗಿತ್ತು, ಮಾತು ಕೇಳಿಸಲಿಲ್ಲ. ತಿರುಗಿ ನೋಡಿದರೆ ಕಾಲು ನಿಂತುಬಿಡುತ್ತದೆ ಎಂದು ಗಾಳೆಪ್ಪ ತಿರುಗಲೂ ಇಲ್ಲ.

ಇಪ್ಪತ್ತು ವರ್ಷ ತಿರುಗಿದ. ಉಪ್ಪಿನ ಗಾಡಿ ಹೊಡೆದ. ದೊಂಬರ ಹಿಂದೆ ಡೋಲು ಹೊತ್ತ. ಕಡೆಗೆ ತೊಗಲುಬೊಂಬೆ ಆಡಿಸುವವರ ಮೇಳ ಸೇರಿ ಒಂದು ವಿದ್ಯೆ ಕಲಿತ. ಹರಿದ ಬೊಂಬೆಯನ್ನು, ದೀಪದ ಮುಂದೆ ಹಿಡಿದರೂ ಸಂದು ಕಾಣದ ಹಾಗೆ ಅಂಟಿಸುತ್ತಿದ್ದ. ಯಾವ ಊರಿನಲ್ಲೂ ಮೂರು ದಿನಕ್ಕಿಂತ ಹೆಚ್ಚು ನಿಂತವನಲ್ಲ. ಒಂದೇ ಒಂದು ಪ್ರಶ್ನೆ ಮಾತ್ರ ಎಲ್ಲ ಊರಿಗೂ ಅವನ ಜೊತೆ ಬರುತ್ತಿತ್ತು. ಅಕ್ಕ ಅವತ್ತು ಏನೆಂದು ಕೂಗಿದಳು? 'ಬಾರೋ' ಎಂದಳೋ, 'ಹಾಳಾಗಿ ಹೋಗು' ಎಂದಳೋ?

ಮೇಳ ತಿರುಗುತ್ತಾ ತಿರುಗುತ್ತಾ ಕನ್ನಡಿಕೋಟೆಯ ಅರಮನೆಗೇ ಬಂತು. ದೊರೆ ಬೊಂಬೆಗಳನ್ನು ನೋಡಿ ಆಕಳಿಸಿದ.

"ನಿಮ್ಮವು ಬರೀ ತೊಗಲು. ನಮ್ಮ ದೀಪ ನೋಡಿ" ಎಂದ.

ಸಭೆಯ ನಡುವೆ ಒಂದು ದೀಪ ನಿಂತಿತ್ತು. ಮೂರು ಹಿತ್ತಾಳೆ ಕಾಲು, ಮೇಲೆ ಡಬರಿಯಷ್ಟು ದಪ್ಪ ಉರುಳೆ, ಉರುಳೆಯ ಸುತ್ತ ಸುತ್ತಿದ ತೆಳ್ಳನೆ ಪಟ್ಟಿ. ಪಟ್ಟಿಯ ಎರಡು ಅಂಚಿಗೂ ಸಾಲು ತೂತು, ನಡುವೆ ಉಗುರಿನಷ್ಟು ಚಿಕ್ಕ ಚಿತ್ರಗಳು. ಒಳಗೆ ದೀಪ ಉರಿಯಿತು, ಉರುಳೆ ತಿರುಗಿತು, ಗೋಡೆಯ ಮೇಲೆ ಜನ ನಡೆದಾಡಿದರು. ಒಬ್ಬಳು ನೀರು ಸೇದುತ್ತಿದ್ದಳು. ಒಬ್ಬ ಕೆಸರಲ್ಲಿ ಜಾರಿ ಬೀಳುತ್ತಿದ್ದ, ಎದ್ದು ಮತ್ತೆ ಜಾರುತ್ತಿದ್ದ. ಯಾರಿಗೂ ದನಿಯಿರಲಿಲ್ಲ. ಪಟ್ಟಿ ಮುಗಿದು ಮತ್ತೆ ಮೊದಲಿನಿಂದ ತಿರುಗಿತು, ಒಬ್ಬಳು ಬಾಗಿಲಿಗೆ ಓಡಿ ಬಂದಳು. ಕೈಯಲ್ಲಿ ಹಿಟ್ಟು. ಬಾಯಿ ತೆರೆದಿತ್ತು.

"ಅಕ್ಕಾ!" ಎಂದ ಗಾಳೆಪ್ಪ.

ಆದದ್ದು ಹೀಗೆ. ಬೇರಾವ ದೊರೆಯ ಹತ್ತಿರವೂ ಇಲ್ಲದ ದೀಪ ತನಗೆ ಬೇಕೆಂದು ದೊರೆ ಹಟ ಹಿಡಿದಿದ್ದ. ಬಿಂಬಯ್ಯ ಎಂಬ ಮಾಂತ್ರಿಕ ಮಾಡಿಕೊಡುತ್ತೇನೆಂದು ಒಪ್ಪಿದ. ಅವನ ಹತ್ತಿರ ಒಂದು ಮೃಗವಿತ್ತು. ಮೂರು ಕಾಲು, ಒಂದೇ ಕಣ್ಣು, ಹಿಡಿಕೆಯಂಥ ಬಾಲ. ಅಲುಗುವವರನ್ನು ಕಂಡರೆ ಕಣ್ಣಿನಿಂದಲೇ ನುಂಗುತ್ತಿತ್ತು. ನುಂಗಿದವರೆಲ್ಲ ಅದರ ಕರುಳಿನ ಮೇಲೆ ಚಿತ್ರವಾಗಿ ಮೂಡುತ್ತಿದ್ದರು. ಬಿಂಬಯ್ಯ ಹೊರಗೆಳೆದು ಸುತ್ತಿದ ಆ ಕರುಳೇ ದೀಪದ ಪಟ್ಟಿ. ಗಾಳೆಪ್ಪ ಹೊರಟ ದಿನವೇ ಬಿಂಬಯ್ಯ ಆ ದಾರಿಯಲ್ಲಿ ಬಂದಿದ್ದ. ಮೃಗ ಮೊದಲು ನುಂಗಿದ್ದು ನೀಲವ್ವನನ್ನು. ಆಮೇಲೆ ಇನ್ನೂ ಮುನ್ನೂರು ಜನರನ್ನು.

"ಬುದ್ಧೀ, ಅವಳು ನನ್ನ ಅಕ್ಕ. ಬಿಟ್ಟುಬಿಡಿ" ಎಂದು ಗಾಳೆಪ್ಪ ದೊರೆಯ ಕಾಲಿಗೆ ಬಿದ್ದ.

"ಯಾಕಪ್ಪಾ ಅಳ್ತೀಯ? ಸತ್ತಿದ್ದಾಳಾ? ಓಡಾಡ್ತಾ ಇಲ್ವಾ?" ಎಂದ ದೊರೆ. "ಹಸಿವಿಲ್ಲ, ಮುಪ್ಪಿಲ್ಲ. ನಮ್ಮ ರಾಜ್ಯದಲ್ಲಿ ಇಷ್ಟು ಸುಖವಾಗಿರೋರು ಇನ್ಯಾರಿದ್ದಾರೆ ತೋರಿಸು."

ಸಭೆಯವರು ನಕ್ಕರು. ಆದರೆ ದೊರೆಗೆ ದೀಪ ನೋಡಿ ನೋಡಿ ಬೇಸರವೂ ಬಂದಿತ್ತು. "ಬಿಡಿಸೋದಕ್ಕೆ ದಾರಿ ಇದೆಯೇನಯ್ಯಾ ಬಿಂಬಯ್ಯ? ಅದೂ ಒಂದು ತಮಾಷೆ ಆಗಲಿ" ಎಂದ.

ಬಿಂಬಯ್ಯ ಗಾಳೆಪ್ಪನ ಧೂಳು ಹಿಡಿದ ಪಾದ ನೋಡಿ ಮೀಸೆಯಲ್ಲೇ ನಕ್ಕ.

"ಇದೆ ಮಹಾಸ್ವಾಮಿ. ಮೂರು ಕೆಲಸ. ಮೃಗದ ಎದುರು ನಿಂತು ಅದರ ಬಾಲ ಕಿತ್ತು ತರಬೇಕು. ಬಿಚ್ಚಿ ಎಸೆದ ಪಟ್ಟಿಯಲ್ಲಿ ಕೊನೆಯ ತುದಿ ಹುಡುಕಬೇಕು. ಆ ಬಾಲವನ್ನು ದೀಪಕ್ಕೆ ಸಿಕ್ಕಿಸಿ, ಕೊನೆಯಿಂದ ಮೊದಲಿಗೆ ಹಿಂದುಹಿಂದಾಗಿ ತಿರುವಬೇಕು. ಕೈ ಒಂದೇ ಹದದಲ್ಲಿರಬೇಕು. ನಿಂತರೆ ಪಟ್ಟಿ ಉರಿಯುತ್ತೆ. ಉರಿದ ಚಿತ್ರದಲ್ಲಿರುವವರ ಕಣ್ಣ ಮುಂದೆ ಆಗ ಯಾರಿದ್ದರೋ, ಆ ಮನುಷ್ಯ ಅವರ ಮನಸ್ಸಿನಿಂದಲೂ ಹೋದ ಹಾಗೆ." ಆಮೇಲೆ ಗಾಳೆಪ್ಪನ ಕಡೆ ತಿರುಗಿದ. "ಒಂದು ಕಡೆ ನಿಂತು ಗೊತ್ತೇನೋ ನಿನಗೆ? ಕಾಲಲ್ಲಿ ಚಕ್ರ ಇಟ್ಕೊಂಡು ಹುಟ್ಟಿದವನೇ!"

ಮೊದಲ ದಿನ ಗಾಳೆಪ್ಪ ಸಭೆಯ ಮೂಲೆಯಲ್ಲಿ ಮಲಗಿದ್ದ ಮೃಗದ ಎದುರು ನಿಂತ. ಅದು ಕಣ್ಣು ತೆರೆಯಿತು. ಅಲುಗಿದರೆ ಹೋದ. ಅವನ ಅಂಗಾಲು ತುರಿಸಿತು, ಮೊಣಕಾಲು ನಡೆಯೋಣ ಎಂದಿತು. ಅವನು ಕೋಲಿಗೆ ಕಟ್ಟದ ತೊಗಲುಬೊಂಬೆಯ ಹಾಗೆ ನಿಂತ. ಮುಖದ ಮೇಲೆ ನೊಣ ಕೂತಿತು. ರೆಪ್ಪೆ ಬಡಿಯಲಿಲ್ಲ. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಹಸಿದ ಮೃಗ ಸೋತು ಕಣ್ಣು ಮುಚ್ಚಿ ಮೂರು ಕಾಲನ್ನೂ ಮಡಚಿತು. ಗಾಳೆಪ್ಪ ಬಾಲ ಕಿತ್ತುಕೊಂಡ.

ಎರಡನೇ ದಿನ ಬಿಂಬಯ್ಯ ಪಟ್ಟಿಯನ್ನು ಬಿಚ್ಚಿ ಒಂದು ಕೋಣೆಯ ತುಂಬ ಶಾವಿಗೆಯ ಹಾಗೆ ಚೆಲ್ಲಿದ. ಚಿತ್ರ ನೋಡುತ್ತಾ ತುದಿ ಹುಡುಕಿದರೆ ಅಲ್ಲೇ ಕೂತು ಮುದುಕನಾಗಬೇಕಿತ್ತು. ಗಾಳೆಪ್ಪ ಕಣ್ಣು ಮುಚ್ಚಿಕೊಂಡ. ಬೆರಳಿನಿಂದ ಅಂಚಿನ ತೂತುಗಳನ್ನು ತಡವಿದ. ಹಳೆಯ ತೂತು ಸವೆದಿರುತ್ತದೆ, ಹೊಸದು ಚೂಪಾಗಿರುತ್ತದೆ. ಚೂಪಾದ ಕಡೆ ತಡವುತ್ತಾ ತಡವುತ್ತಾ ಹೋದ. ಸಂಜೆಗೆ ಮುಂಚೆ ತುದಿ ಕೈಗೆ ಸಿಕ್ಕಿತು.

ಮೂರನೇ ದಿನ ಬೆಳಿಗ್ಗೆ ಅವನು ದೀಪದ ಪಕ್ಕ ನಿಂತು ತಿರುವತೊಡಗಿದ. ಕೆಸರಲ್ಲಿ ಬಿದ್ದವನು ಹಿಂದಕ್ಕೆ ಎದ್ದು, ಗೋಡೆಯಿಂದ ಸಭೆಗೆ ಇಳಿದ. ನೀರು ಸೇದುವವಳು ಕೊಡದ ಸಮೇತ ಇಳಿದಳು. ಒಬ್ಬ ತಾಯಿ ಇಳಿದು, ನೆರೆತ ತಲೆಯ ಕಾವಲುಗಾರನೊಬ್ಬನನ್ನು ದಿಟ್ಟಿಸಿ ನೋಡಿದಳು.

"ಏನೋ ಮಗಾ, ತಲೆಗೆ ಸುಣ್ಣ ಬಳ್ಕೊಂಡಿದೀಯ?" ಎಂದು ಅವನ ಕಿವಿ ಹಿಡಿದಳು. ಕಾವಲುಗಾರ ಭರ್ಜಿ ಬಿಸುಟು ಅತ್ತ.

ಗಾಳೆಪ್ಪನ ಭುಜ ಸೀಸವಾಯಿತು. ಅವನು ನಿಲ್ಲಿಸಲಿಲ್ಲ. ಮುನ್ನೂರು ಜನ ಇಳಿದರು. ಉಳಿದವಳು ನೀಲವ್ವ ಒಬ್ಬಳೇ.

ಅವಳು ಗೋಡೆಯ ಮೇಲೆ ಬಂದಳು. ಹಿಂದುಹಿಂದಾಗಿ ಬಾಗಿಲಿಗೆ ಬಂದಳು, ಎತ್ತಿದ ಕೈ ಕಂಡಿತು, ತುಟಿ ಅಲುಗಿತು. ಇಪ್ಪತ್ತು ವರ್ಷ ಕೇಳದ ಮಾತು ಎದುರಿಗೇ ಇತ್ತು. ಆದರೆ ತುಟಿ ತಿರುಗುಮುರುಗಾಗಿ ಓಡುತ್ತಿತ್ತು, ಓದಲಾಗುತ್ತಿರಲಿಲ್ಲ. ಒಂದೇ ಒಂದು ಸಲ ಸರಿಯಾಗಿ ನೋಡಿಬಿಡೋಣ ಅನ್ನಿಸಿತು. ಒಂದೇ ಸಲ.

ಗಾಳೆಪ್ಪನ ಕೈ ನಿಂತಿತು.

ನೀಲವ್ವನ ಬಾಯಿ ತೆರೆದೇ ಇತ್ತು. ನಡುವೆ ಒಂದು ಕಂದು ಚುಕ್ಕೆ ಎದ್ದಿತು, ಗುಳ್ಳೆಯಾಯಿತು, ಮುಖವನ್ನೆಲ್ಲ ತಿಂದಿತು. ಭಗ್ ಎಂದು ಉರಿ.

ಅವನು ಬರಿಗೈಯಲ್ಲಿ ಉರಿಯನ್ನು ಹಿಸುಕಿದ. ಒಂಬತ್ತು ಚಿತ್ರ ಹೋಗಿದ್ದವು. ಸುಟ್ಟಷ್ಟನ್ನು ಕತ್ತರಿಸಿದ, ಎರಡು ತುದಿಗೂ ಬೊಂಬೆಯ ಅಂಟು ಹಚ್ಚಿ ಸೇರಿಸಿದ, ಮತ್ತೆ ತಿರುವಿದ. ಸಂದು ಎಲ್ಲಿಯೂ ಕಾಣಲಿಲ್ಲ. ಅಷ್ಟು ಚೆನ್ನಾಗಿ ಅವನು ಯಾವ ಬೊಂಬೆಯನ್ನೂ ಅಂಟಿಸಿರಲಿಲ್ಲ. ನೀಲವ್ವ ಗೋಡೆಯಿಂದ ಇಳಿದು ನಿಂತಳು.

ಬಿಂಬಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ದೊರೆ ಚಪ್ಪಾಳೆ ತಟ್ಟಿದ. ಇಳಿದು ಬಂದವರೂ ಸಭೆಯವರೂ ಬೆರಗಾಗಿ ಕಲ್ಲಿನ ಹಾಗೆ ನಿಂತಿದ್ದರು, ಗಾಳೆಪ್ಪ ಸುಟ್ಟ ಚೂರು ಹಿಡಿದು ನಿಂತಿದ್ದ. ಇಡೀ ಸಭೆಯಲ್ಲಿ ಅಲುಗುತ್ತಿದ್ದವರು ಇಬ್ಬರೇ. ಮೂಲೆಯಲ್ಲಿ ಹಸಿದಿದ್ದ ಮೃಗ ಕಣ್ಣು ತೆರೆಯಿತು, ಇಬ್ಬರನ್ನೂ ನುಂಗಿತು, ಹೊಟ್ಟೆ ತುಂಬಿ ಕಣ್ಣು ಮುಚ್ಚಿತು. ಗಾಳೆಪ್ಪ ತೊಗಲಿನ ತುಂಡೊಂದನ್ನು ಅದರ ಕಣ್ಣಿಗೆ ಅಂಟಿಸಿದ. ಅದು ಮತ್ತೆ ತೆರೆಯಲಿಲ್ಲ.

ಈಗ ಆ ದೀಪದಲ್ಲಿರುವುದು ನಗುವವನು ಒಬ್ಬ, ಚಪ್ಪಾಳೆ ತಟ್ಟುವವನು ಒಬ್ಬ. ಅದಕ್ಕೆ ಎಣ್ಣೆ ಹಾಕುವವರು ಯಾರೂ ಇಲ್ಲ. ಜನ ಸೇರಿ ನೀರು ಸೇದುವವಳನ್ನೇ ರಾಣಿ ಮಾಡಿದರು. ಅವಳು ಮೊದಲು ಬಾವಿ ತೋಡಿಸಿದಳು. ಕನ್ನಡಿಕೋಟೆಯಲ್ಲಿ ಎಲ್ಲರೂ ಸುಖವಾಗಿದ್ದರು.

ನೀಲವ್ವನೂ ಸುಖವಾಗಿದ್ದಳು. ಮಾಡು ಬಿದ್ದ ಮನೆಗೆ ಗಾಳೆಪ್ಪ ಅವಳನ್ನು ಕರೆದುಕೊಂಡು ಹೋದ.

"ಅಕ್ಕಾ, ನಾನು. ನಿನ್ನ ತಮ್ಮ ಗಾಳೆಪ್ಪ."

ಅವಳು ಅವನ ಗಡ್ಡ ನೋಡಿ ನಕ್ಕುಬಿಟ್ಟಳು. "ನನಗಿಂತ ಹನ್ನೆರಡು ವರ್ಷ ದೊಡ್ಡವರು ಕಾಣ್ತೀರಿ, ತಮ್ಮ ಹೆಂಗಾಗ್ತೀರಿ? ನನಗೆ ಯಾರೂ ಇಲ್ಲ ಅಣ್ಣಾ. ಒಬ್ಬಳೇ ಬೆಳೆದವಳು."

ನೆರೆತ ತಲೆಯವನನ್ನು ಅವನ ತಾಯಿ ಗುರುತು ಹಿಡಿದಿದ್ದಳು. ಇವನನ್ನು ಹಿಡಿಯಬೇಕಾದ ಒಂಬತ್ತು ಚಿತ್ರ ಬೂದಿಯಾಗಿದ್ದವು. ಗಾಳೆಪ್ಪ ಮತ್ತೆ ಆ ಮಾತೆತ್ತಲಿಲ್ಲ. ಮೂರು ದಿನ ಇದ್ದು ಮಾಡು ಹೊದಿಸಿದ. ನೀಲವ್ವ ಒಲೆ ಹಚ್ಚಿ ರೊಟ್ಟಿ ಬಡಿದಳು. ಎರಡು ಗಂಗಾಳ ತೊಳೆದು ಇಟ್ಟಳು.

"ಒಬ್ಬಳಿಗೆ ಎರಡು ಗಂಗಾಳ ಯಾಕೆ ಇಟ್ಕೊಂಡಿದ್ದೆನೋ" ಎಂದಳು. "ಒಂದಂತೂ ಸಣ್ಣ ಹುಡುಗರದ್ದು."

ನಾಲ್ಕನೇ ದಿನ ಬೆಳಿಗ್ಗೆ ಗಾಳೆಪ್ಪ ಜಗಲಿಯ ಮೇಲೆ ಗಂಟು ಕಟ್ಟತೊಡಗಿದ. ಅಂಟಿನ ಕುಡಿಕೆ, ಸೂಜಿ, ಎರಡು ಬೊಂಬೆ. ಸುಟ್ಟ ಚೂರನ್ನು ಬಿಸಿಲಿಗೆ ಹಿಡಿದು ನೋಡಿದ. ಅರ್ಧ ಗಲ್ಲ ಉಳಿದಿತ್ತು. ಬಾಯಿ ಇರಲಿಲ್ಲ. ಅದನ್ನೂ ಬಟ್ಟೆಯೊಳಗೆ ಇಟ್ಟ.

ನೀಲವ್ವ ಆರು ರೊಟ್ಟಿ ತಂದು ಕೊಟ್ಟಳು. "ದಾರಿಗಿರಲಿ ಅಣ್ಣಾ."

"ತಂಗೀ, ಒಂದು ಮಾತು ಕೇಳಲೇ? ಮನೆಯಿಂದ ಹೊರಟವರಿಗೆ ಬಾಗಿಲಲ್ಲಿ ನಿಂತು ಏನಂತ ಕೂಗ್ತೀಯ?"

"ನಿಮ್ಮಂಥವರಿಗಾದರೆ, ಹುಷಾರಾಗಿ ಹೋಗಿ ಬನ್ನಿ ಅಂತೀನಿ."

"ತಮ್ಮ ಆಗಿದ್ದರೆ?"

ಅವಳು ಕೈಯ ಹಿಟ್ಟು ಸೀರೆಗೆ ಒರೆಸಿಕೊಂಡು ನಕ್ಕಳು.

"ಒಬ್ಬ ತಮ್ಮ ಅಂತ ಇದ್ದಿದ್ದರೆ, ಬಾಗಿಲಲ್ಲಿ ನಿಂತು ಕೂಗ್ತಿದ್ದೆನೇ? ಓಡಿ ಹೋಗಿ ಹಿಡ್ಕೊಂಡು ಬರ್ತಿದ್ದೆ."

ಗಾಳೆಪ್ಪ ರೊಟ್ಟಿಯನ್ನು ಒಳಗಿಟ್ಟು ಗಂಟು ಬಿಗಿದ. ಅದು ಸರಿಯಾಗಿ ಬೀಳಲಿಲ್ಲ. ಬಿಚ್ಚಿ, ಮತ್ತೆ ಬಿಗಿಯತೊಡಗಿದ.