ಹಾಲವ್ವನ ಹುಳಿ ಸೇಬು

ಬಹಳ ಹಿಂದೆ, ಏಳು ಬೆಟ್ಟಗಳಾಚೆ ಒಂದು ರಾಜ್ಯ. ಅಲ್ಲಿ ರಾಜ ಹೆಸರಿಗಷ್ಟೇ. ಆಳುತ್ತಿದ್ದವನು ಉಗ್ರಕೇಶನೆಂಬ ಮಾಂತ್ರಿಕ. ಅವನ ಕೋಟೆಯಲ್ಲಿ ಒಂದೇ ಒಂದು ಸೇಬಿನ ಮರವಿತ್ತು. ವರ್ಷಕ್ಕೊಮ್ಮೆ ತಲೆಗೊಂದು ಹಣ್ಣು ಹಂಚುತ್ತಿದ್ದ. ತಿಂದವರು ಸಿಟ್ಟನ್ನೇ ಮರೆಯುತ್ತಿದ್ದರು. ಮರಕ್ಕೆ ನೀರು ಹೊರಲು ಅವನು ಮಕ್ಕಳನ್ನು ಎಳೆದೊಯ್ದರೂ ಹೆತ್ತವರು ನಗುತ್ತ ಕಳಿಸಿಕೊಡುತ್ತಿದ್ದರು. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ಒಂದು ದಿನ ಕುಂಬಾರರ ಹಾಲವ್ವನ ಮಗಳು ನಿಂಗಿಯನ್ನೂ ಒಯ್ದರು. ಗಂಡ ಸಂಕಪ್ಪ ಹಲ್ಲು ಕಿರಿದು ಕೈಬೀಸಿದ. ಜ್ವರ ಬಂದು ಆ ವರ್ಷದ ಹಣ್ಣು ತಿನ್ನದೆ ಇಟ್ಟಿದ್ದ ಹಾಲವ್ವನಿಗೆ ಮಾತ್ರ ಮೈಯೆಲ್ಲ ಉರಿಯಿತು. ನೆಟ್ಟಗೆ ಕೋಟೆಗೆ ಹೋಗಿ ಮಗಳನ್ನು ಕೇಳಿದಳು.

"ನಿನ್ನ ಮನೆಯಲ್ಲಿ ಸೇಬು ಬೆಳೆದು ತಾ. ಬಿಡುತ್ತೇನೆ" ಎಂದ ಉಗ್ರಕೇಶ.

ಗೇಲಿಗೆ ಹೇಳಿದ ಮಾತದು. ಆ ಊರಲ್ಲಿ ಸೇಬಿನ ಬೀಜ ಯಾರ ಮನೆಯಲ್ಲೂ ಮೊಳೆತಿರಲಿಲ್ಲ.

ಹಾಲವ್ವ ತನ್ನ ಹಣ್ಣು ಸೀಳಿದಳು. ಮೂರು ಬೀಜ ಸಿಕ್ಕವು. ಚಳಿಯ ನಾಡಲ್ಲವೇ, ಎಲ್ಲರಂತೆ ಅವಳೂ ಮೊದಲನೆಯದನ್ನು ಬೆಚ್ಚಗಿರಲೆಂದು ಒಲೆಯ ಪಕ್ಕ ಊರಿದಳು. ಅದು ಕೊಳೆತುಹೋಯಿತು. ಸಿಟ್ಟಿಗೆದ್ದು ಉಳಿದೆರಡನ್ನು ಬೀಸಿ ಒಗೆದಳು. ಅವು ಕುಡಿಯುವ ನೀರಿನ ಹರವಿಯ ಕೆಳಗಿನ ಒದ್ದೆ ಮರಳಿನಲ್ಲಿ ಬಿದ್ದವು. ಆ ತಂಪಿನಲ್ಲಿ ಮೂರು ತಿಂಗಳು ಮಲಗಿ ಎರಡೂ ಮೊಳೆತವು. ಬೀಜಕ್ಕೆ ಬೇಕಾದದ್ದು ಚಳಿ!

ಎರಡನ್ನೂ ಅಂಗಳದಲ್ಲಿ ನೆಟ್ಟಳು. ಮಾಂತ್ರಿಕನ ಕೆಂಪುಗಣ್ಣಿನ ಹೋತ ಬಂದು ಒಂದನ್ನು ಮೇಯ್ದುಬಿಟ್ಟಿತು. ಕೊನೆಯದಕ್ಕೆ ಹಾಲವ್ವ ತಳ ಒಡೆದ ಗಡಿಗೆ ಬೋರಲು ಹಾಕಿದಳು. ಹೋತ ಮತ್ತೆ ಬಂದು ಮೂತಿ ತೂರಿಸಿತು. ಗಡಿಗೆ ಕೊರಳಿಗೆ ಸಿಕ್ಕಿ, ಅದನ್ನು ಹೊತ್ತುಕೊಂಡೇ ಓಡಿತು.

ಮುಂದೆ ಹಾಲವ್ವ ದಿನಾ ಸಸಿಯ ಮುಂದೆ ಕೂತು ಮಾಂತ್ರಿಕನನ್ನು, ರಾಜನನ್ನು, ಗಂಡನನ್ನು ಬಾಯಿತುಂಬ ಬೈದಳು. ಒಂದೊಂದು ಬೈಗುಳಕ್ಕೆ ಸಸಿ ಒಂದೊಂದು ಗೇಣು ಏರಿತು. ಮಳೆಗಾಲ ಮುಗಿಯುವಷ್ಟರಲ್ಲಿ ಕೊಂಬೆ ತುಂಬ ಹಸಿರು ಹಣ್ಣು.

ಬುಟ್ಟಿ ಹೊತ್ತು ಕೋಟೆಗೆ ಹೊರಟಳು. ಊರೆಲ್ಲ ನಗುತ್ತ ಹಿಂದೆ ಬಂತು. ಉಗ್ರಕೇಶ ಒಂದು ಹಣ್ಣು ಕಚ್ಚಿ ಥೂ ಎಂದು ಉಗಿದ. "ಹುಳಿ! ಬೀಜದ ಗಿಡ ತಾಯಿಮರದ ಹಣ್ಣು ಕೊಡುವುದಿಲ್ಲ, ತಿಳಿಯದೇ? ಇದು ಸೇಬೇ ಅಲ್ಲ."

"ನಿನ್ನ ಮರದ ಸಿಹಿ ನನಗೆ ಬೇಕಾಗಿಲ್ಲ" ಎನ್ನುತ್ತ ಹಾಲವ್ವ ಒಂದು ಹೋಳನ್ನು ಸಂಕಪ್ಪನ ಬಾಯಿಗೆ ತುರುಕಿದಳು.

ಅವನು ಮುಖ ಕಿವುಚಿದ. ನಗು ಕಳಚಿತು. ಸುತ್ತ ನೋಡಿದ.

"ನಮ್ಮ ನಿಂಗಿ ಎಲ್ಲಿ?" ಎಂದು ಕೇಳಿದ.

ಬುಟ್ಟಿ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ತಮ್ಮ ಮಗುವಿನ ಹೆಸರು ಹಿಡಿದು ಕೇಳಿದರು. ಒಂದೊಂದು ಪ್ರಶ್ನೆಗೆ ಉಗ್ರಕೇಶ ಒಂದೊಂದು ಗೇಣು ಕುಗ್ಗಿದ. ಕಡೆಗೆ ಒಂದು ಜಳ್ಳು ಬೀಜವಾಗಿ ಕೆಳಗೆ ಬಿದ್ದ. ಅವನ ಹೋತವೇ ಅದನ್ನು ಮೆದ್ದು ಹೋಯಿತು.

ಕೋಟೆಯ ಬಾಗಿಲು ತೆರೆಯಿತು. ಮಕ್ಕಳು ಕೊಡಗಳನ್ನು ಅಲ್ಲೇ ಎಸೆದು ಓಡಿ ಬಂದವು. ಎಲ್ಲರಿಗಿಂತ ಮುಂದೆ ನಿಂಗಿ.

ಆಮೇಲೆ ಮನೆಮನೆಯ ಹರವಿಯ ಕೆಳಗೂ ಬೀಜ ಮೊಳೆತವು. ಒಂದು ಮನೆಯ ಹಣ್ಣಿನಂತೆ ಇನ್ನೊಂದಿರಲಿಲ್ಲ. ಎಲ್ಲರೂ ಸುಖವಾಗಿ ಬಾಳಿದರು. ಸಿಟ್ಟು ಬರಬೇಕಾದಲ್ಲಿ ಅವರಿಗೆ ಸಿಟ್ಟೂ ಬರುತ್ತಿತ್ತು.