ಹೋಗಲು ಒಂಬತ್ತು, ಬರಲು ಹನ್ನೊಂದು

ಪೈಲಟ್ ಒಬ್ಬರ ಅಂಗಿಗೆ ನೀರು ಚಿಮುಕಿಸಿ ಕಾಲರಿನ ಮೇಲೆ ಇಸ್ತ್ರಿ ಇಟ್ಟಿದ್ದೆ. ತಂಗಿ ಕ್ಯಾಲೆಂಡರ್ ಮುಂದೆ ನಿಂತು, "ಅಕ್ಕಾ, ಈ ಸಲ ಅವರ ಕಾರ್ಡ್ ಬರ್ಲೇ ಇಲ್ವಲ್ಲ. ತಾರೀಖು ಕಳೆದು ಹತ್ತು ದಿನ ಆಯ್ತು," ಎಂದಳು.

"ಬರದಿದ್ರೆ ಬೇಡ. ನಾನೇನು ಬಾಗಿಲಲ್ಲಿ ಕೂತು ಕಾಯ್ತಿದೀನಾ?"

ಕಾಲರ್ ಸುಟ್ಟ ವಾಸನೆ ಬಂತು.

ನಮ್ಮದು ವಿಮಾನ ನಿಲ್ದಾಣದ ಹಿಂದಿನ ಲಾಂಡ್ರಿ. ಕಾರ್ಡ್ ಕಳಿಸುವವನು ಹಿಂದೆ ಆ ನಿಲ್ದಾಣದಲ್ಲಿ ವಿಮಾನಗಳ ದೂರ, ಇಂಧನ, ಹೊತ್ತು ಲೆಕ್ಕ ಹಾಕುತ್ತಿದ್ದವನು. ಒಂದೇ ಅಂಗಿಯನ್ನು ವಾರಕ್ಕೆ ಮೂರು ಸಲ ಇಸ್ತ್ರಿಗೆ ತರುತ್ತಿದ್ದ.

"ಇದ್ರಲ್ಲಿ ಸುಕ್ಕೇ ಇಲ್ವಲ್ರೀ?"

"ನೀವು ಸರಿಯಾಗಿ ನೋಡ್ಲಿಲ್ಲ. ಇನ್ನೊಂದ್ಸಲ ನೋಡಿ." ತಾನು ಮಾತ್ರ ಅಂಗಿ ಬಿಟ್ಟು ನನ್ನನ್ನೇ ನೋಡುತ್ತಿದ್ದ.

ದೂರದ ನಿಲ್ದಾಣಕ್ಕೆ ವರ್ಗವಾಗುವ ಹೊತ್ತಿಗೆ ನಮ್ಮ ನಡುವೆ 'ನೀವು' ಹೋಗಿ 'ನೀನು' ಬಂದಿತ್ತು. ಹಳೆಯ ಪೇಪರಿನ ಅಂಚಿನಲ್ಲಿ ಗೆರೆ ಎಳೆದು ತೋರಿಸಿದ. "ಎಂಟು ಸಾವಿರ ಕಿಲೋಮೀಟರ್. ಹೋಗೋಕೆ ಒಂಬತ್ತು ಗಂಟೆ, ಬರೋಕೆ ಹನ್ನೊಂದು."

"ದಾರಿ ಒಂದೇ ತಾನೇ? ಬರುವಾಗ ಎರಡು ಗಂಟೆ ಎಲ್ಲಿ ಹರಟೆ ಹೊಡೀತಾ ನಿಲ್ತಾರೆ?"

"ಎದುರುಗಾಳಿ ಕಣೇ. ಇಳಿದ ತಕ್ಷಣ ಕಾಗದ ಬರೀತೀನಿ."

ಒಂಬತ್ತು ವರ್ಷ ಬರೆಯಲಿಲ್ಲ.

ಆಮೇಲೆ ಬಂತು ಕಾಗದ. ಹೋದ ಹೊಸದರಲ್ಲೇ ಕೆಲಸ ಹೋಯಿತಂತೆ, ಮುಖ ತೋರಿಸಲು ನಾಚಿಕೆಯಾಯಿತಂತೆ. "ಈಗ ನೆಲೆ ನಿಂತಿದ್ದೇನೆ, ಇನ್ನೂ ಒಂಟಿ, ಬರಲೇ?" ಎಂದು ಕೇಳಿದ್ದ.

ನಾಚಿಕೆಯಂತೆ! ಬಂದ ಮೂರು ಸಂಬಂಧಗಳನ್ನು ಅಪ್ಪನ ಎದುರು ನಾನು ಯಾವ ಮುಖವಿಟ್ಟುಕೊಂಡು ಬೇಡವೆಂದೆ ಅಂತ ಅವನಿಗೇನು ಗೊತ್ತು?

"ಬಾ" ಎಂದು ಅಂದೇ ಬರೆದೆ. ಲಕೋಟೆ ಅಂಟಿಸಿದೆ, ವಿಳಾಸ ಬರೆದೆ. ಅಂಚೆಗೆ ಹಾಕದೆ ಕಪಾಟಿನಲ್ಲಿಟ್ಟೆ. ಅವನ ಲೆಕ್ಕ ಅವನಿಗೇ ಇರಲಿ. ಹೋಗುವುದಕ್ಕೆ ಒಂಬತ್ತು ವರ್ಷವಾಯಿತಲ್ಲ, ಬರುವುದಕ್ಕೆ ಹನ್ನೊಂದು ವರ್ಷ ಕಾಯಲಿ.

ಅಲ್ಲಿಂದ ಪ್ರತಿವರ್ಷ ಅದೇ ತಾರೀಖಿಗೆ ಕಾರ್ಡ್ ಬರುತ್ತಿತ್ತು. ಒಂದೇ ಸಾಲು: "ಎದುರುಗಾಳಿ ನಿಂತಿತೇ?" ಓದಿದಾಗಲೆಲ್ಲ ಹೊಟ್ಟೆ ತಣ್ಣಗಾಗುತ್ತಿತ್ತು. ಹಾಗೆ ಒಂಬತ್ತು ಕಾರ್ಡ್ ಸೇರಿದವು. ಹತ್ತನೆಯದೇ ಈಗ ಬರಬೇಕಾಗಿದ್ದದ್ದು.

"ಅವರಿಗೂ ವಯಸ್ಸಾಯ್ತಕ್ಕಾ," ತಂಗಿ ಮೆಲ್ಲಗೆ ಅಂದಳು. "ಅವರೇ ಇಲ್ಲ ಅಂದ್ರೆ ನಿನ್ನ ಸೇಡು ಯಾರ ಮೇಲೆ ತೀರಿಸ್ಕೊಳ್ತೀಯಾ?"

"ಸತ್ತು ತಪ್ಪಿಸ್ಕೊಳ್ಳೋಕೆ ಬಿಟ್ಟುಬಿಡ್ತೀನಾ ಅವನ್ನ?" ಎಂದೆ.

ಕಪಾಟಿನಲ್ಲಿದ್ದ ಲಕೋಟೆಗೆ ಇಸ್ತ್ರಿಪೆಟ್ಟಿಗೆಯ ಬಿಸಿ ತಾಗಿಸಿ ಅಂಟು ಬಿಡಿಸಿದೆ. "ಬಾ" ಎಂಬುದರ ಕೆಳಗೆ ಬರೆದೆ: "ಕಾಯಿಸಿದ್ದು ಸಾಲದು. ಎದುರಿಗೆ ಕೂರಿಸಿಕೊಂಡು ಬೈಯುವುದು ಬಾಕಿಯಿದೆ. ಸುಕ್ಕಾದ ಅಂಗಿಯಲ್ಲೇ ಬಾ."

ಅಂಚೆ ಕಚೇರಿಯ ಕೌಂಟರಿನಲ್ಲಿ ಕೇಳಿದೆ, "ಇದು ತಲುಪೋಕೆ ಎಷ್ಟು ಹೊತ್ತು?"

"ಅಷ್ಟು ದೂರಕ್ಕೆ ಒಂದು ವಾರ ಆಗುತ್ತಮ್ಮ."

"ಒಂದು ವಾರಾನಾ? ವಿಮಾನಕ್ಕೆ ಒಂಬತ್ತೇ ಗಂಟೆ ಸಾಕು ಕಣಪ್ಪಾ! ಬೇಗ ಕಳ್ಸು, ಬೇಗ!"

ಕೌಂಟರಿನವನು ನಗುತ್ತ ಮೊಹರು ಒತ್ತಿ, ಲಕೋಟೆಯನ್ನು ಚೀಲಕ್ಕೆ ಹಾಕಿದ.